ಗಲ್ಲಿನ ಕೂಗು, ಖಾಲಿ ಕಟಕಟೆ

2019ರ ಜುಲೈ 23ರ ಸಂಜೆ ವಿಧಾನಸೌಧದಲ್ಲಿ 99ಕ್ಕೆ 105ರ ಲೆಕ್ಕ ಮುಗಿದು ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ ಉರುಳಿತು. ಮಂಡ್ಯ ಜಿಲ್ಲೆಗೆ ಅದು ಮನೆಯ ಸುದ್ದಿ. ಬಂಡೆದ್ದು ಮುಂಬೈ ಹೋಟೆಲಿನಲ್ಲಿ ಕೂತವರ ಪೈಕಿ ಜಿಲ್ಲೆಯ ಕೆ.ಆರ್. ಪೇಟೆಯ ಶಾಸಕರೂ ಇದ್ದರು. ಮರುದಿನ ದೆಹಲಿಯಲ್ಲಿ ರಾಜ್ಯಸಭೆ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ) ತಿದ್ದುಪಡಿ ಮಸೂದೆಯನ್ನು ಒಪ್ಪಿತು. ಅದರ ಮರುದಿನ, 25ರಂದು, ನೂರಕ್ಕಿಂತ ಹೆಚ್ಚು ಪೋಕ್ಸೋ ಪ್ರಕರಣ ದಾಖಲಾಗಿರುವ ಪ್ರತಿ ಜಿಲ್ಲೆಯಲ್ಲೂ 60 ದಿನದೊಳಗೆ ಇದಕ್ಕೆಂದೇ ಒಂದು ನ್ಯಾಯಾಲಯ ತೆರೆಯಿರಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಮೊದಲನೆಯ ಸುದ್ದಿಯನ್ನು ನಮ್ಮ ಕಡೆ ಇವತ್ತಿಗೂ ಕಾಫಿ ಕುಡಿಯುತ್ತಾ ಎಳೆದಾಡುತ್ತಾರೆ. ಎರಡನೆಯದು ಭಾಷಣಗಳಲ್ಲಿ ಆಗಾಗ ತಲೆ ಹಾಕುತ್ತದೆ. ಮೂರನೆಯದು ವಕೀಲರನ್ನು ಬಿಟ್ಟರೆ ಯಾರ ನೆನಪಿನಲ್ಲೂ ಇದ್ದಂತಿಲ್ಲ. ಮಕ್ಕಳ ಪಾಲಿಗೆ ಹೆಚ್ಚು ತೂಕದ್ದು ಆ ಮೂರನೆಯದೇ ಎಂಬುದು ನನ್ನ ತಕರಾರು.

ಆ ತಿದ್ದುಪಡಿ ಮಾಡಿದ್ದು ಮುಖ್ಯವಾಗಿ ಅಂಕಿ ಏರಿಸುವ ಕೆಲಸ. 2012ರ ಮೂಲ ಕಾಯ್ದೆಯಲ್ಲಿ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 7 ವರ್ಷ, ಅದು ಇನ್ನಷ್ಟು ಘೋರವಾಗಿದ್ದರೆ 10 ವರ್ಷ ಇತ್ತು. ಅದು ಕ್ರಮವಾಗಿ 10 ಮತ್ತು 20 ಆಯಿತು. ಮಗು 16ಕ್ಕಿಂತ ಚಿಕ್ಕದಾದರೆ ಹೇಗಿದ್ದರೂ 20. ಘೋರ ಪ್ರಕರಣದಲ್ಲಿ ಮರಣದಂಡನೆಯೂ ಸೇರಿತು. ಅಪರಾಧ ಸಾಬೀತಾದ ಮೇಲೆ ಈ ಕನಿಷ್ಠದಿಂದ ಒಂದೇ ಒಂದು ದಿನ ಕಡಿಮೆ ಮಾಡುವ ಅಧಿಕಾರ ನ್ಯಾಯಾಧೀಶರಿಗಿಲ್ಲ.

ರಾಜ್ಯಸಭೆಯ ಅಂದಿನ ಚರ್ಚೆಯಲ್ಲಿ ನನಗೆ ದೊಡ್ಡದೆನಿಸುವುದು ಸದಸ್ಯ ಡೆರೆಕ್ ಒಬ್ರಿಯನ್ ಅವರ ಮಾತು. 13ನೇ ವಯಸ್ಸಿನಲ್ಲಿ ಕೋಲ್ಕತ್ತದ ಕಿಕ್ಕಿರಿದ ಬಸ್ಸಿನಲ್ಲಿ ತಮ್ಮ ಮೇಲೆ ನಡೆದ ಲೈಂಗಿಕ ಕಿರುಕುಳವನ್ನು, ಅದನ್ನು ಮನೆಯಲ್ಲಿ ವರ್ಷಗಟ್ಟಲೆ ಬಾಯಿಬಿಡದೆ ಇದ್ದುದನ್ನು ಅವರು ಸದನದ ಮುಂದೆ ಹೇಳಿದರು. ಸದನ ಮೆಚ್ಚಿತು, ಮಸೂದೆ ಪಾಸಾಯಿತು. ಆದರೆ ಅವರು ಹೇಳಿದ ಕಥೆ ಹುಡುಗನೊಬ್ಬ ಯಾಕೆ ಬಾಯಿಬಿಡಲಿಲ್ಲ ಎಂಬುದರದು. ಸದನ ಒಪ್ಪಿದ್ದು ಬಾಯಿಬಿಟ್ಟ ಮೇಲೆ, ಸಿಕ್ಕಿಬಿದ್ದ ಮೇಲೆ, ಸಾಬೀತಾದ ಮೇಲೆ ಎಷ್ಟು ವರ್ಷ ಎಂಬುದನ್ನು. ನಡುವಿನ ದಾರಿಯ ಬಗ್ಗೆ ಮಸೂದೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಮೂರು ವರ್ಷ ಕಳೆದು, 2022ರ ಅಕ್ಟೋಬರಿನಲ್ಲಿ, ಮಳವಳ್ಳಿ ಪಟ್ಟಣದಲ್ಲಿ ಟ್ಯೂಷನ್ನಿಗೆಂದು ಹೋದ 10 ವರ್ಷದ ಬಾಲಕಿ ಸಂಪಿನಲ್ಲಿ ಶವವಾಗಿ ಸಿಕ್ಕಳು. ಬಂಧಿತನಾದವನು ಅದೇ ಟ್ಯೂಷನ್ ಕೇಂದ್ರದ ಮೇಲ್ವಿಚಾರಕ. ಊರು ಬೀದಿಗಿಳಿಯಿತು, ಗಲ್ಲಿಗೇರಿಸಿ ಎಂಬ ಕೂಗೆದ್ದಿತು. ಆ ಸಿಟ್ಟನ್ನು ಅಳೆದು ತೂಗುವ ಯೋಗ್ಯತೆ ನನಗಿಲ್ಲ, ಇನ್ಯಾರಿಗೂ ಇದೆ ಅನ್ನಿಸುವುದಿಲ್ಲ. ಇಂಥ ಸಿಟ್ಟಿನ ಎದುರು ಮೈಕ್ ಹಿಡಿಯುವ ನಾಯಕರ ಮಾತು ಮಾತ್ರ ವಿಮರ್ಶೆಗೆ ಒಳಪಡಲೇಬೇಕು. ‘ಇನ್ನೂ ಕಠಿಣ ಕಾನೂನು ಬರಬೇಕು’ ಎಂದು ಅವರು ಪ್ರತಿಸಲವೂ ಹೇಳುತ್ತಾರೆ. ಕೊಲೆಗೆ ಗಲ್ಲು ಬ್ರಿಟಿಷರ ಕಾಲದಿಂದ ಇದೆ. ಪೋಕ್ಸೋದಲ್ಲಿ 2019ರಿಂದ ಇದೆ. ಇದಕ್ಕಿಂತ ಕಠಿಣ ಅಂದರೆ ಏನು? ರಜೆಯ ದಿನ ಮಗುವೊಂದನ್ನು ಒಬ್ಬಳೇ ಕರೆಸಿಕೊಳ್ಳಲು ಟ್ಯೂಷನ್ ಕೇಂದ್ರದವನಿಗೆ ಅಡ್ಡಿಯೇನಿದೆ ಎಂದು ಆ ಮೈಕಿನಲ್ಲಿ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಶಾಲೆಯೊಂದರ 2014ರ ಪ್ರಕರಣದ ಬಿಸಿಯಲ್ಲಿ ರಾಜ್ಯವು 2016ರಲ್ಲಿ ಮಕ್ಕಳ ರಕ್ಷಣಾ ನೀತಿಯೊಂದನ್ನು ತಂದಿತು. ಮನೆಯ ಮಹಡಿಯ ಮೇಲೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುವ ಟ್ಯೂಷನ್ನಿಗೆ ಅದನ್ನು ಯಾರು ಹೋಗಿ ಅನ್ವಯಿಸುತ್ತಾರೆ?

ಹಾಗೆಂದು ಕಡ್ಡಾಯ ಕನಿಷ್ಠ ಶಿಕ್ಷೆಯೇ ತಪ್ಪು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಅದು ಯಾಕೆ ಬಂತೆಂದು ತಿಳಿಯಲು ದೂರ ಹೋಗಬೇಕಿಲ್ಲ, ಕರ್ನಾಟಕದ್ದೇ ಉದಾಹರಣೆ ಇದೆ. ಏಳೆಂಟು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಎಸಗಿದ 49 ವರ್ಷದವನಿಗೆ ವಿಚಾರಣಾ ನ್ಯಾಯಾಲಯ 10 ವರ್ಷ ಕೊಟ್ಟಿತ್ತು. ಹೈಕೋರ್ಟ್ ಅದನ್ನು 4ಕ್ಕೆ ಇಳಿಸಿತು. ಅವನು ಅನಕ್ಷರಸ್ಥ, ದುರ್ಬಲ ವರ್ಗದವನು, ಕುಡಿತದ ಚಟದವನು, ಮನೆಯಲ್ಲಿ ಮುದಿ ತಾಯಿ, ಹೆಂಡತಿ, ಮಕ್ಕಳಿದ್ದಾರೆ ಎಂಬುದು ಕೊಟ್ಟ ಕಾರಣ. ರಾಜ್ಯ ಸರ್ಕಾರ ಮೇಲ್ಮನವಿ ಹೋಯಿತು. 2000ದಲ್ಲಿ ಸುಪ್ರೀಂ ಕೋರ್ಟ್ ಇವೆಲ್ಲ ಕಾರಣವೇ ಅಲ್ಲ ಎಂದು 10 ವರ್ಷವನ್ನು ಮರಳಿ ಕೂರಿಸಿತು. ಕಾನೂನಿನಲ್ಲಿ ಆಗಲೂ ಕನಿಷ್ಠ ಇತ್ತು, ‘ವಿಶೇಷ ಕಾರಣ’ಕ್ಕೆ ಇಳಿಸಬಹುದು ಎಂಬ ಸಂದು ಕೂಡ ಇತ್ತು. ಆ ಸಂದಿನಲ್ಲಿ ಅಪರಾಧಿಯ ತಾಯಿ, ಹೆಂಡತಿ, ಮಕ್ಕಳೆಲ್ಲ ನುಸುಳಿದರು, ಹುಡುಗಿ ಮಾತ್ರ ಆಚೆಯೇ ಉಳಿದಳು. 2013ರಲ್ಲಿ ಆ ಸಂದನ್ನು ಮುಚ್ಚಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ.

ತೊಂದರೆ ಇರುವುದು ಅಂಕಿ ಏರುತ್ತಾ ಹೋದಾಗ ಊರಿನ ಜಗಲಿಯ ಮೇಲೆ ಆಗುವುದರಲ್ಲಿ. ಇಂಥ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ: ಚಿಕ್ಕಪ್ಪ, ಮಲತಂದೆ, ಪಕ್ಕದ ಮನೆಯವ. ದೂರು ದಾಖಲಾದ ವಾರದೊಳಗೆ ಹಿರಿಯರೊಬ್ಬರು ತಾಯಿಯ ಎದುರು ಬಂದು ಕೂರುತ್ತಾರೆ. “ಇಪ್ಪತ್ತು ವರ್ಸ ಒಳಗೆ ಹಾಕ್ಬುಡ್ತಾರೆ ಕಣವ್ವ. ಅವ್ನ ಹೆಂಡ್ರು ಮಕ್ಳು ಬೀದಿಗೆ ಬೀಳ್ತವೆ. ನಿನ್ ಮಗಿಗೂ ನಾಳೆ ಮದುವೆ ಆಗ್ಬೇಕಲ್ವಾ?” ದಂಡನೆ ಹೆಚ್ಚಿದಷ್ಟೂ ಈ ಮಾತಿನ ಭಾರ ಹೆಚ್ಚುತ್ತದೆ. ಆ ತಾಯಿಯ ಮನೆ ನಡೆಯುವುದೇ ಆರೋಪಿಯ ದುಡಿಮೆಯಲ್ಲಾಗಿದ್ದರೆ ಕೇಳುವುದೇ ಬೇಡ.

ಆಮೇಲೆ ಕೋರ್ಟು. ಮಳವಳ್ಳಿ ಕಡೆಯ ಹಳ್ಳಿಯಿಂದ ಅಂಥ ತಾಯಿ ಕೂಲಿ ಬಿಟ್ಟು, ಮಗಳನ್ನು ಶಾಲೆ ಬಿಡಿಸಿ, ಎರಡು ಬಸ್ ಹತ್ತಿ ಮಂಡ್ಯದ ಜಿಲ್ಲಾ ನ್ಯಾಯಾಲಯಕ್ಕೆ ಬರಬೇಕು. ಸಮನ್ಸಿನ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಿರುತ್ತಾಳೆ. ಮಧ್ಯಾಹ್ನದವರೆಗೆ ಕಾರಿಡಾರಿನ ಬೆಂಚು, ಆಮೇಲೆ ವಾಯಿದೆ. ಮಗುವಿನ ಸಾಕ್ಷ್ಯವನ್ನು 30 ದಿನದೊಳಗೆ ದಾಖಲಿಸಿಕೊಳ್ಳಬೇಕು, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಎಂದು ಕಾಯ್ದೆಯ 35ನೇ ಸೆಕ್ಷನ್ 2012ರಿಂದಲೂ ಹೇಳುತ್ತಿದೆ. ಈ 30ನ್ನು ಹಿಡಿದು ಧರಣಿ ಕೂತ ಪಕ್ಷವನ್ನು ನಾನು ಕಂಡಿಲ್ಲ; 20ನ್ನು ಹಿಡಿದು ಕೂತವರನ್ನು ಬೇಕಾದಷ್ಟು ಕಂಡಿದ್ದೇನೆ. ವಾಯಿದೆಗಳು ಉರುಳಿ ಹುಡುಗಿ ದೊಡ್ಡವಳಾಗಿ, ಕೊನೆಗೊಂದು ದಿನ ಕಟಕಟೆಯಲ್ಲಿ “ಏನೂ ನಡೆದಿಲ್ಲ” ಎಂದುಬಿಟ್ಟರೆ ಕಡತದ ಮೇಲೆ ಬೀಳುವುದು ಪ್ರತಿಕೂಲ ಸಾಕ್ಷಿ ಎಂಬ ಮೊಹರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಕೇಂದ್ರ 2017ರಲ್ಲಿ ಕರ್ನಾಟಕದ ಪೋಕ್ಸೋ ನ್ಯಾಯಾಲಯಗಳನ್ನು ಅಧ್ಯಯನ ಮಾಡಿದಾಗಲೂ ಎದ್ದು ಕಂಡದ್ದು ಇದೇ. ಶಿಕ್ಷೆ ಕಡಿಮೆಯಾಯಿತೆಂದು ಯಾರೂ ಪಾರಾಗುತ್ತಿರಲಿಲ್ಲ, ಸಾಕ್ಷಿ ಮುರಿದುಬಿದ್ದು ಪಾರಾಗುತ್ತಿದ್ದರು.

ದೊಡ್ಡ ಶಿಕ್ಷೆ ನ್ಯಾಯಾಧೀಶರ ಕೈಯನ್ನೂ ನಡುಗಿಸುತ್ತದೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಬಟ್ಟೆಯ ಮೇಲಿಂದ ಮುಟ್ಟಿದರೆ ಪೋಕ್ಸೋ ಅಡಿ ಲೈಂಗಿಕ ಹಲ್ಲೆಯಾಗದು ಎಂದದ್ದು ಎಲ್ಲರಿಗೂ ನೆನಪಿದೆ. ದೇಶವೇ ಛೀಮಾರಿ ಹಾಕಿತು, ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಕಿತ್ತೆಸೆಯಿತು. ಅದರಲ್ಲಿದ್ದ ಒಂದು ತರ್ಕ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ: ಶಿಕ್ಷೆ ಕಠಿಣವಾಗಿರುವುದರಿಂದ ಪುರಾವೆಯೂ ಅಷ್ಟೇ ಕಠಿಣವಾಗಿರಬೇಕು ಎಂಬುದು. ಅಲ್ಲಿ ಇದ್ದ ಕನಿಷ್ಠ ಮೂರೇ ವರ್ಷ. ಮೂರಕ್ಕೇ ಹೀಗಾದರೆ ಇಪ್ಪತ್ತಕ್ಕೆ?

ಇನ್ನು ಈ ಕಾನೂನಿನ ದೊಡ್ಡ ಕುರುಡು, ಹದಿನೇಳರ ಹುಡುಗಿ. ಅವಳು ಮೆಚ್ಚಿದ ಹತ್ತೊಂಬತ್ತರ ಹುಡುಗನ ಜೊತೆ ಓಡಿಹೋಗಿ ಬಸುರಿಯಾದರೆ, ಕಾಯ್ದೆಯ ಪ್ರಕಾರ ಅದು ಘೋರ ಅಪರಾಧ. ಅವಳು ಬಸುರಿಯಾದದ್ದೇ ಘೋರತೆಯ ಗುರುತು. ಶಿಕ್ಷೆ ಕನಿಷ್ಠ 20 ವರ್ಷ. ಮನೆಯವರೇ ನಿಂತು ಮದುವೆ ಮಾಡಿಸಿದ್ದರೂ 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗಂಡನಿಗೆ ವಿನಾಯಿತಿಯಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಪೊಲೀಸರಿಗೆ ತಿಳಿಸದಿದ್ದರೆ ಅವರಿಗೆ ಆರು ತಿಂಗಳವರೆಗೆ ಜೈಲು. ಇದರ ಪರಿಣಾಮ ಸಂಸತ್ತಿನಲ್ಲಿ ಕಾಣದು, ಗರ್ಭಿಣಿಯರ ತಾಯಿ ಕಾರ್ಡಿನಲ್ಲಿ ಕಾಣುತ್ತದೆ. ವಯಸ್ಸಿನ ಕಾಲಂನಲ್ಲಿ 19 ಎಂದು ಬರೆಸುವುದು, ಬರೆಯಲೊಪ್ಪದಿದ್ದರೆ ತಪಾಸಣೆಗೇ ಬಾರದಿರುವುದು. ರಕ್ಷಿಸಬೇಕಾದ ಹುಡುಗಿಯನ್ನೇ ಕಾನೂನು ಆಸ್ಪತ್ರೆಯಿಂದ ದೂರ ಓಡಿಸಿತು.

ಈ ಪೇಚನ್ನು ಕಂಡೇ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ 2022ರ ನವೆಂಬರಿನಲ್ಲಿ, ಮಳವಳ್ಳಿಯ ಘಟನೆಗೆ ತಿಂಗಳು ತುಂಬುವ ಮೊದಲೇ, ಹದಿನಾರು ದಾಟಿದವರ ವಿಷಯದಲ್ಲಿ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿದರು. ಆಯೋಗದ ಅಧ್ಯಕ್ಷರಾಗಿ ಇದ್ದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. 2023ರ ಸೆಪ್ಟೆಂಬರಿನ 283ನೇ ವರದಿಯಲ್ಲಿ ಆಯೋಗ ವಯಸ್ಸನ್ನು ಮುಟ್ಟಲಿಲ್ಲ. 16ರಿಂದ 18ರ ನಡುವಿನವರ ಒಪ್ಪಿಗೆ ಕಂಡುಬಂದಲ್ಲಿ ಶಿಕ್ಷೆ ಇಳಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಮರಳಿಸಿ ಎಂದಿತು. ಅಂಜುಬುರುಕ ಶಿಫಾರಸು, ಆದರೆ ದಿಕ್ಕು ಸರಿಯಾದದ್ದು. 2025ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಹದಿನಾಲ್ಕರ ಹುಡುಗಿಯೊಬ್ಬಳು ಓಡಿಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರವನ್ನು ಬಳಸಿ, ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ ಬಿಟ್ಟಿತು. ಇಪ್ಪತ್ತು ವರ್ಷದ ಶಿಕ್ಷೆಯಿಂದ ಒಬ್ಬನನ್ನು ಬಿಡಿಸಲು ದೇಶದ ಅತ್ಯುನ್ನತ ಅಧಿಕಾರವೇ ಬೇಕಾಯಿತು. ಮಂಡ್ಯದ ಹುಡುಗನಿಗೆ 142ನೇ ವಿಧಿ ಎಟುಕುತ್ತದೆಯೇ?

ಇದೇ ಜಗಳ ಕೆನಡಾದಲ್ಲೂ ನಡೆದಿದೆ. ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಂಡವರಿಗೆ ಇದ್ದ ಒಂದು ವರ್ಷದ ಕಡ್ಡಾಯ ಶಿಕ್ಷೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ ಕೊನೆಯಲ್ಲಿ 5–4ರಲ್ಲಿ ರದ್ದು ಮಾಡಿತು. ಗೆಳೆಯನೊಬ್ಬ ಕಳಿಸಿದ ಹದಿನೇಳರ ಹುಡುಗಿಯ ಚಿತ್ರ ಹದಿನೆಂಟರ ಹುಡುಗನ ಮೊಬೈಲಿಗೆ ಬಂದರೆ ಏನು ಗತಿ ಎಂಬ ಊಹೆ ಆ ತೀರ್ಪಿನಲ್ಲಿತ್ತು. ಊಹೆಯ ಹುಡುಗನಿಗಾಗಿ ನಿಜದ ಪಾಪಿಗಳನ್ನು ಬಿಟ್ಟಿರಿ ಎಂದು ವಿರೋಧ ಪಕ್ಷದ ನಾಯಕ ಪಿಯೆರ್ ಪೊಲಿಯೆವ್ ಕಡೆಯವರು ಹರಿಹಾಯ್ದರು. ಆ ಆಕ್ಷೇಪಕ್ಕೆ ಅಲ್ಲಿ ಬೆಲೆಯಿರಬಹುದು. ನಮ್ಮಲ್ಲಿ ಆ ಹುಡುಗನನ್ನು ಊಹಿಸಿಕೊಳ್ಳಬೇಕಾಗಿಲ್ಲ, ಜೈಲಿಗೆ ಹೋಗಿ ನೋಡಿದರೆ ಸಾಕು.

ಶಿಕ್ಷೆಯ ಗಾತ್ರಕ್ಕೂ ಅಪರಾಧ ಸಿಕ್ಕಿಬೀಳುವುದಕ್ಕೂ ಎಷ್ಟು ನಂಟು ಎಂಬುದಕ್ಕೆ ಮಂಡ್ಯವೇ ಇನ್ನೊಂದು ಪಾಠ ಕೊಟ್ಟಿತು. 2023ರಲ್ಲಿ ಇಲ್ಲಿನ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದು ಹೊರಬಿತ್ತು. ಪತ್ತೆ ಮಾಡಿದ್ದು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು. ಮೊದಲ ಸಲದ ತಪ್ಪಿಗೆ ಲಿಂಗ ಪತ್ತೆ ತಡೆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು. ಆಗಲೂ ಕಾನೂನು ಬಿಗಿ ಮಾಡುವ ಮಾತೇ ಮುಂದೆ ಬಂತು. ಕಬ್ಬಿನ ಗದ್ದೆಯ ನಡುವೆ ಹೊರ ಊರಿನ ಕಾರುಗಳು ಬಂದು ನಿಲ್ಲುವುದನ್ನು ಯಾರೂ ಯಾಕೆ ವಿಚಾರಿಸಲಿಲ್ಲ ಎಂಬುದು ಹಿಂದೆ ಉಳಿಯಿತು.

ನನ್ನನ್ನು ಕೇಳಿದರೆ ಘೋರ ಪ್ರಕರಣಗಳಿಗೆ 2012ರ ಹತ್ತು ವರ್ಷದ ಕನಿಷ್ಠವೇ ಸರಿಯಾಗಿತ್ತು. ಅದಕ್ಕಿಂತ ಹೆಚ್ಚು ಕೊಡಲು ನ್ಯಾಯಾಧೀಶರಿಗೆ ಆಗಲೂ ಅಡ್ಡಿ ಇರಲಿಲ್ಲ; ಜೀವಾವಧಿಯವರೆಗೆ ದಾರಿ ತೆರೆದೇ ಇತ್ತು. ಹದಿನಾರು ದಾಟಿದವರ ವಿಷಯದಲ್ಲಿ, ಇಬ್ಬರ ವಯಸ್ಸಿನ ಅಂತರ ಕಡಿಮೆಯಿದ್ದಾಗ, ಕಾರಣವನ್ನು ತೀರ್ಪಿನಲ್ಲೇ ಬರೆದು ಕನಿಷ್ಠಕ್ಕಿಂತ ಕೆಳಗಿಳಿಯುವ ಅವಕಾಶ ಸಾಕು. 2000ದ ತೀರ್ಪಿನಲ್ಲಿ ಕಂಡ ಆ ಹಳೆಯ ಸಂದು ಮತ್ತೆ ತೆರೆಯದಂತೆ ಇದನ್ನು ಬರೆಯಲು ಬರುತ್ತದೆ. ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ, ಕೊನೆಗೆ ರಾಷ್ಟ್ರಪತಿಯ ಅಂಕಿತ ಬೇಕಾದರೂ, ದೆಹಲಿಯೇ ಮೊದಲ ಹೆಜ್ಜೆ ಇಡಲೆಂದು ಕಾಯಬೇಕಾಗಿಲ್ಲ. ಬಾಲ್ಯವಿವಾಹ ಕಾಯ್ದೆಗೆ ಕರ್ನಾಟಕವೇ 2016ರಲ್ಲಿ ತನ್ನದೇ ತಿದ್ದುಪಡಿ ತಂದು ಅಂಥ ಮದುವೆ ಮೊದಲಿಂದಲೇ ಅಸಿಂಧು ಎಂದಿತ್ತು. ಮಂಡ್ಯ, ಮದ್ದೂರು, ಮಳವಳ್ಳಿಯ ಯಾವ ಶಾಸಕರಾದರೂ ಸದನದಲ್ಲಿ ಇದನ್ನು ಎತ್ತಬಹುದು. ಎತ್ತಿದ ಮರುದಿನವೇ ‘ಅತ್ಯಾಚಾರಿಗಳ ವಕೀಲ’ ಎಂಬ ಫ್ಲೆಕ್ಸು ಬಸ್ ನಿಲ್ದಾಣದ ಎದುರು ನಿಲ್ಲುತ್ತದೆ ಎಂಬುದೂ ಅವರಿಗೆ ಗೊತ್ತು.