ಇತಿಹಾಸದ ಭೂಪಟಗಳೂ ವರ್ಣಾಂಧ ವಿದ್ಯಾರ್ಥಿಯೂ

ಗಣಕಯಂತ್ರದ ತಂತ್ರಾಂಶದಿಂದ ಸಿದ್ಧಪಡಿಸಿ ತರಗತಿಗಳಲ್ಲಿ ತೋರಿಸಲಾಗುವ ಭೂಪಟಗಳಲ್ಲಿ ವಿಜಯನಗರಕ್ಕೆ ಕೆಂಪನ್ನೂ ಬಹಮನಿ ರಾಜ್ಯಕ್ಕೆ ಹಸಿರನ್ನೂ ಬಳಿದುದನ್ನು ನಾವು ಕಂಡಿದ್ದೇವೆ. ನೋಟಕ್ಕೆ ಸೊಗಸಾದರೂ ಈ ಪದ್ಧತಿಯು ದೋಷಯುಕ್ತವೆಂದೇ ನಮ್ಮ ಅಭಿಪ್ರಾಯ.

ಕೆಂಪು-ಹಸಿರುಗಳ ಭೇದವನ್ನು ಗುರುತಿಸಲಾರದ ದೃಷ್ಟಿದೋಷವು ಬಹುಮಟ್ಟಿಗೆ ಗಂಡಸರಲ್ಲಿ ಹುಟ್ಟಿನಿಂದಲೇ ಬರುವಂಥದು. ಯುರೋಪು ಮೂಲದ ಪುರುಷರಲ್ಲಿ ಇದು ನೂರಕ್ಕೆ ಸುಮಾರು 8 ಮಂದಿಗುಂಟು. ಜಾನ್ ಡಾಲ್ಟನ್ ಎಂಬ ವಿಜ್ಞಾನಿಯು ತನ್ನ ಕಣ್ಣಿನ ಈ ಸ್ಥಿತಿಯನ್ನು 1794ರಷ್ಟು ಹಿಂದೆಯೇ ವಿವರಿಸಿದ್ದನು. ರೈಲ್ವೆಯ ಊರಾದ ಹುಬ್ಬಳ್ಳಿಯವರಿಗೆ ಇದು ಹೊಸ ಸಂಗತಿಯಲ್ಲ. ಎಂಜಿನ್ ನಡೆಸುವವನ ವರ್ಣದೃಷ್ಟಿಯನ್ನು ಪರೀಕ್ಷಿಸಿಯೇ ಕೆಲಸಕ್ಕೆ ತೆಗೆದುಕೊಳ್ಳುವರು. ವಿದ್ಯಾರ್ಥಿಯ ಕಣ್ಣನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ದೋಆಬನ್ನೇ ನೋಡಬಹುದು. ಈ ನೆಲಕ್ಕಾಗಿ ವಿಜಯನಗರದ ಅರಸರು ಮೊದಲು ಬಹಮನಿಗಳೊಡನೆಯೂ ಅನಂತರ ಬಿಜಾಪುರದ ಆದಿಲಶಾಹಿಗಳೊಡನೆಯೂ ಹೋರಾಡಿದರು. ಒಂದೇ ಗಾಢತೆಯ ಕೆಂಪು-ಹಸಿರುಗಳು ಯಾವನಿಗೆ ಒಂದೇ ಕಂದುಬಣ್ಣವಾಗಿ ತೋರುವುವೋ ಅವನ ಪಾಲಿಗೆ ಅಲ್ಲಿ ಗಡಿಯೇ ಇಲ್ಲ. 1520ರ ರಾಯಚೂರು ಯುದ್ಧಕ್ಕೆ ಕಾರಣವೇನೆಂಬುದು ಅವನಿಗೆ ಆ ಭೂಪಟದಿಂದ ತಿಳಿಯುವುದೆಂತು?

ಅಮೆರಿಕದ ಸಿಂಥಿಯಾ ಬ್ರೂವರ್ ಎಂಬ ಭೂಗೋಳಜ್ಞೆ ರೂಪಿಸಿದ ‘ಕಲರ್‌ಬ್ರೂವರ್’ ಸಾಧನವು ವರ್ಣಾಂಧರಿಗೆ ಒಗ್ಗುವ ಬಣ್ಣಗಳ ಗುಂಪುಗಳನ್ನು ಬೇರೆಯಾಗಿ ತೋರಿಸಿಕೊಡುತ್ತದೆ. ಜಪಾನಿನ ಒಕಾಬೆ ಮತ್ತು ಇತೊ ಎಂಬ ವಿದ್ವಾಂಸರು ಕಪ್ಪೂ ಸೇರಿ ಎಂಟು ಬಣ್ಣಗಳನ್ನು ಆಯ್ದುಕೊಟ್ಟಿದ್ದಾರೆ. ಇವು ಉಪಯುಕ್ತವೇ ಸರಿ. ಆದರೆ ದಖ್ಖಣದ ಸಾಮಂತರೆಲ್ಲರನ್ನೂ ತೋರಿಸಹೊರಟರೆ ಎಂಟು ಬಣ್ಣಗಳು ಸಾಲವು. ಝೆರಾಕ್ಸ್ ಪ್ರತಿಯಲ್ಲಿಯಂತೂ ಎಲ್ಲರೂ ವರ್ಣಾಂಧರೇ. ರಾಜ್ಯದ ಹೆಸರನ್ನು ನೆಲದ ಮೇಲೆಯೇ ಬರೆದು, ಒಂದಕ್ಕೆ ಓರೆಗೆರೆಗಳನ್ನೂ ಇನ್ನೊಂದಕ್ಕೆ ಅಡ್ಡಗೆರೆಗಳನ್ನೂ ಎಳೆಯುವುದು ಲೇಸು. ದೋಆಬಿನ ಮೇಲೆ ಎರಡನ್ನೂ ಎಳೆದಲ್ಲಿ ಅದು ಇಬ್ಬರೂ ತಮ್ಮದೆಂದ ನೆಲವೆಂಬುದೂ ವ್ಯಕ್ತವಾಗುವುದು. ಒಂಟಿ ಬಣ್ಣಕ್ಕೆ ಅದು ಸಾಧ್ಯವಿಲ್ಲ.