'ಸಂಸ್ಕಾರ'ದ ಇಲಿಗಳು, 'ವಿಷಕನ್ಯಕ'ದ ಚಳಿಜ್ವರ

'ಸಂಸ್ಕಾರ'ದ (1965) ಪ್ಲೇಗು ಅಂದರೆ ಅಗ್ರಹಾರ ಕೊಳೆತದ್ದರ ರೂಪಕ ಅಂತ ನಾವೆಲ್ಲ ತರಗತಿಯಲ್ಲಿ ಬರೆದುಕೊಂಡಿದ್ದೇವೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದವನು, ಜ್ವರ ಬಂದು ಸತ್ತವನು. ಆಮೇಲೆ ಇಲಿಗಳು ಸಾಯುತ್ತವೆ, ಮಾಡಿನ ಮೇಲೆ ಹದ್ದುಗಳು ಕೂರುತ್ತವೆ. ಅಗ್ರಹಾರದವರು ಇದನ್ನು ಹೆಣ ಸುಡದ ಪಾಪದ ಲೆಕ್ಕಕ್ಕೆ ಹಾಕುತ್ತಾರೆ. ಓದುಗರಿಗೆ ಗೊತ್ತಿರುವ ಕಾರಣಕ್ಕೂ ಅವರು ನಂಬಿದ ಕಾರಣಕ್ಕೂ ನಡುವಿನ ಅಂತರದಲ್ಲೇ ಕಾದಂಬರಿಯ ವ್ಯಂಗ್ಯ ಇದೆ. ಬರೀ ರೂಪಕ ಅಂದುಬಿಟ್ಟರೆ ನಾವೂ ಅವರ ಜಗಲಿಯಲ್ಲೇ ಕೂತ ಹಾಗಾಯ್ತಲ್ಲ?

ಚರಿತ್ರೆ ನೋಡೋಣ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ಕ್ಕೆ ಬೆಂಗಳೂರು ಮುಟ್ಟಿತು. ಮುಂದಿನ ದಶಕಗಳಲ್ಲಿ ದೇಶದಲ್ಲಿ ಕೋಟಿಗೂ ಮೇಲೆ ಜನ ಸತ್ತರು. 1918ರ ಇನ್‌ಫ್ಲುಯೆಂಜಾ ಕೆಲವೇ ತಿಂಗಳಲ್ಲಿ ಅಷ್ಟೇ ಜನರನ್ನು, ಬಹುಶಃ ಇನ್ನೂ ಹೆಚ್ಚು ಜನರನ್ನು ಒಯ್ದಿತು. 1911ರಲ್ಲಿ ಸುಮಾರು 25.2 ಕೋಟಿ ಇದ್ದ ಜನಸಂಖ್ಯೆ 1921ಕ್ಕೆ 25.1 ಕೋಟಿಗೆ ಇಳಿಯಿತು. ಆ ದಶಕದಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 48 ಸಾವು; 1941-51ರಲ್ಲಿ 27ರ ಆಸುಪಾಸು; 2019ಕ್ಕೆ ಬರೀ 6. ಕ್ಷಾಮ, ಸಾಂಕ್ರಾಮಿಕ ಹತೋಟಿಗೆ ಬಂದದ್ದು ಇದರ ದೊಡ್ಡ ಕಾರಣ. ಆದರೆ ಅದಕ್ಕೂ ಮೊದಲು ಸಾವು ಹೆಚ್ಚಿದ್ದು ಯಾಕೆ? ಕಾಲುವೆ, ರೈಲುದಿಬ್ಬಗಳಿಂದ ನೀರು ನಿಂತು ಮಲೇರಿಯಾ ಬೆಳೆಯಿತು ಅಂತ ಇತಿಹಾಸಕಾರ ಐರಾ ಕ್ಲೈನ್ ವಾದಿಸಿದರು. 'ಅಭಿವೃದ್ಧಿ'ಯೂ ಸಾವಿನ ಲೆಕ್ಕದಲ್ಲಿದೆ ಅನ್ನೋ ಈ ಮಾತು ನನಗೆ ಮುಖ್ಯ.

ಕಾಸರಗೋಡಿನವಳಾದ್ದರಿಂದ ಮಲಯಾಳವೂ ಓದುತ್ತೇನೆ. ಎಸ್.ಕೆ. ಪೊಟ್ಟೆಕ್ಕಾಟ್ ಅವರ 'ವಿಷಕನ್ಯಕ'ದಲ್ಲಿ (1948) ತಿರುವಿದಾಂಕೂರಿನ ರೈತರು ಭೂಮಿಗಾಗಿ ವಯನಾಡಿಗೆ ಬರುತ್ತಾರೆ, ಕಾಡು ಕಡಿಯುತ್ತಾರೆ, ಚಳಿಜ್ವರಕ್ಕೆ ಸಾಯುತ್ತಾರೆ. ಅವರ ಬಡತನದ ಚಿತ್ರಣ ಬಹಳ ಗಟ್ಟಿ. ನನ್ನ ತಕರಾರು ಹೆಸರಿನ ಬಗ್ಗೆ. ಮಣ್ಣನ್ನೇ ಕೊಲ್ಲುವ ಹೆಣ್ಣು ಮಾಡಿದಾಗ ಭೂಮಿಯಿಲ್ಲದ ಸಂಕಟ, ಕಡಿದ ಕಾಡು, ಸೊಳ್ಳೆ ಎಲ್ಲ ಹಿಂದೆ ಸರಿಯುತ್ತವೆ. ಮೊದಲಿಂದ ಅಲ್ಲೇ ಇದ್ದ ಪಣಿಯರಿಗೆ, ಕುರಿಚ್ಯರಿಗೆ ಅದು ವಿಷಕನ್ಯೆ ಆಗಿತ್ತಾ? ಇಲ್ಲಿ ರೂಪಕ ಕಾರಣವನ್ನು ಮುಚ್ಚುತ್ತದೆ. 'ಸಂಸ್ಕಾರ'ದ ಸತ್ತ ಇಲಿ ಮುಚ್ಚುವುದಿಲ್ಲ.

ಕಾದಂಬರಿ ಬಂದ ಐದು ವರ್ಷಕ್ಕೆ, 1953ರಲ್ಲಿ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಗೋಡೆಗಳಿಗೆ ಡಿಡಿಟಿ ಹೊಡೆದರು. ಎರಡು ಕೃತಿಗಳನ್ನೂ ಒಂದೇ ಪೇಪರಿನಲ್ಲಿ, ಈ ಇಸವಿಗಳ ಜೊತೆಗಿಟ್ಟು ಓದಬೇಕು ಅನ್ನೋದು ನನ್ನ ಸಲಹೆ. ಪ್ರಶ್ನೆಗಳಿದ್ದರೆ ಕೇಳಿ ಸರ್.