ಅಲೆ ಆರಿಸುವವರನ್ನು ನೋಡಲು ಹೊರಟವರಿಗೆ

ಸರ್ಫಿಂಗ್ ನೋಡಲು ಹೋದ ನಮ್ಮ ಬಯಲುಸೀಮೆಯವರು ಹತ್ತು ನಿಮಿಷಕ್ಕೇ ಬೇಸತ್ತು ಎಳನೀರಿನ ಗಾಡಿಯ ಕಡೆ ಮುಖ ಮಾಡುವುದುಂಟು. ದೂರದಲ್ಲಿ ನಾಲ್ಕು ಜನ ಹಲಗೆಯ ಮೇಲೆ ಸುಮ್ಮನೆ ಕೂತಿರುತ್ತಾರೆ. ಒಬ್ಬ ಎದ್ದು ನಿಂತ ಅನ್ನುವಷ್ಟರಲ್ಲಿ ನೊರೆಯೊಳಗೆ ಬಿದ್ದಿರುತ್ತಾನೆ. ನಿಂತದ್ದನ್ನಷ್ಟೇ ನೋಡುವುದಾದರೆ ಸಿಗುವುದು ಐದಾರು ಸೆಕೆಂಡು. ಅಲೆ ಆರಿಸುವುದನ್ನು ನೋಡಲು ಕಲಿತರೆ ಇಡೀ ಬೆಳಗು ಸಾಲದು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಿಂದ ಹೊರಡುವವರಿಗೆ ನಾನು ಹೇಳುವುದು ಮೂಲ್ಕಿ. ಶಿರಸಿ, ಕುಮಟಾ ಮೇಲೆ ಗೋಕರ್ಣ ಹತ್ತಿರವಾಗುತ್ತದೆ, ಅಲ್ಲೂ ಬೋರ್ಡು ಸಿಗುತ್ತವೆ, ನಿಜ. ಆದರೆ ಈ ಆಟ ಕರ್ನಾಟಕದಲ್ಲಿ ಬೇರೂರಿದ್ದು ಮೂಲ್ಕಿಯಲ್ಲಿ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಇಲ್ಲಿ ಆಶ್ರಮ ಮಾಡಿಕೊಂಡು, 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುಮಾಡಿದರು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದರು. ಜಪಮಾಲೆಗೂ ಅಲೆಗೂ ಏನು ನಂಟು ಎಂದು ಹುಬ್ಬೇರಿಸಿದವರೂ ಇದ್ದರು. ಅಂಥ ಊರಿನಿಂದಲೇ, ನಿಂತು ಹುಟ್ಟು ಹಾಕುತ್ತ ಸಾಗುವ ಬೋರ್ಡಿನ (ಸ್ಟ್ಯಾಂಡ್-ಅಪ್ ಪ್ಯಾಡಲ್) ಸ್ಪರ್ಧೆಯಲ್ಲಿ ದೇಶಕ್ಕೆ ಹೆಸರು ತಂದ ತನ್ವಿ ಜಗದೀಶ್ ಬಂದರು. ಮೂಲ್ಕಿಯ ಪಕ್ಕದ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ನದಿಗಳು ಕಡಲು ಸೇರುತ್ತವೆ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ 2016ರಲ್ಲಿ ಮೊದಲು ನಡೆದದ್ದು ಅದೇ ಮರಳಿನಲ್ಲಿ. ಆಮೇಲೂ ಹೆಚ್ಚಾಗಿ ಅಲ್ಲೇ, ಮೇ ಕೊನೆಗೋ ಜೂನ್ ಮೊದಲಿಗೋ ನಡೆಯುತ್ತ ಬಂದಿದೆ.

ಆ ಹೊತ್ತಿಗೇ ಯಾಕೆ? ಅಲೆ ಹುಟ್ಟುವುದು ದಡದಲ್ಲಲ್ಲ, ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ. ಅಲ್ಲಿ ಎದ್ದ ಅಲೆ ಮುಂಗಾರಿಗೆ ಮುಂಚೆ ನಮ್ಮ ಕರಾವಳಿಗೆ ಬಂದು ಮುಟ್ಟುತ್ತದೆ, ಇಲ್ಲಿನ ಗಾಳಿ ಇನ್ನೂ ಅದನ್ನು ಕೆಡಿಸಿರುವುದಿಲ್ಲ. ಬ್ಯಾಡಗಿ ಪೇಟೆಯವರಿಗೂ ಅದು ಅನುಕೂಲದ ಕಾಲ, ಮೆಣಸಿನಕಾಯಿಯ ಭರಾಟೆ ಇಳಿದಿರುತ್ತದೆ. ಹೊಲ ಇದ್ದವರಿಗೆ ಮಾತ್ರ ಕಷ್ಟ. ಮಳೆ ಮುಂಚೆ ಬಿದ್ದರೆ ಬಿತ್ತನೆ ಬಿಟ್ಟು ಕಡಲು ನೋಡಲು ಹೋಗುವವರು ಯಾರು? ಅವರು ಸುಗ್ಗಿ ಮುಗಿಸಿ ಫೆಬ್ರವರಿಯಲ್ಲಿ ಹೋಗಲಿ. ಅಲೆ ಸಣ್ಣವಿರುತ್ತವೆ, ಕಲಿಯುವವರು ಬೀಳುವುದನ್ನು ಹತ್ತಿರದಿಂದ ನೋಡಬಹುದು. ಮಳೆಗಾಲದ ಕಡಲು ಬೇಡವೇ ಬೇಡ.

ದಿನದ ಪ್ರವಾಸ ಎಂದರೂ ಹಿಂದಿನ ದಿನವೇ ಹೊರಡಬೇಕು. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಟ್ಟ ಇಳಿದು ಉಡುಪಿಯಲ್ಲೋ ಮೂಲ್ಕಿಯಲ್ಲೋ ಮಲಗಿ. ಉಡುಪಿಯಿಂದ ಮೂಲ್ಕಿಗೆ ಸುಮಾರು 30 ಕಿ.ಮೀ. ಬೆಳಿಗ್ಗೆ ಆರಕ್ಕೆ ಮರಳಿನ ಮೇಲೆ ಇರಿ. ಇದರಲ್ಲಿ ರಿಯಾಯಿತಿ ಇಲ್ಲ. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಬರುವ ಅಲೆಯ ಮುಖವನ್ನು ಎದುರಿನಿಂದ ತಡೆದು ನಿಲ್ಲಿಸುತ್ತದೆ. ಆಗ ಅದರ ಮೈ ಗಾಜಿನ ಹಾಗೆ ನುಣುಪು. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿದರೆ ಅಲೆ ಚೂರುಚೂರಾಗಿ ಕುಸಿಯುತ್ತದೆ. ಕಣದಲ್ಲಿ ರಾಶಿ ತೂರಿದವರಿಗೆ ಗಾಳಿಯ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಸೂರ್ಯ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ ಎಂಬುದು ಇನ್ನೊಂದು ಲಾಭ.

ಬಂದ ಕೂಡಲೇ ಸವಾರರನ್ನು ನೋಡಬೇಡಿ, ಕಾಲು ಗಂಟೆ ನೀರನ್ನಷ್ಟೇ ನೋಡಿ. ಅಲೆಗಳು ಒಂದೇ ಸಮ ಬರುವುದಿಲ್ಲ. ಕೆಲವು ನಿಮಿಷ ಕಡಲು ತಣ್ಣಗಿರುತ್ತದೆ, ಆಮೇಲೆ ನಾಲ್ಕೈದು ದೊಡ್ಡವು ಸಾಲಾಗಿ ಬರುತ್ತವೆ. ಇದಕ್ಕೆ ಸೆಟ್ ಎನ್ನುತ್ತಾರೆ. ನದಿ ತಂದು ಹಾಕಿದ ಮರಳದಿಬ್ಬದ ಮೇಲೆ ನೀರಿನ ಆಳ ಕಡಿಮೆಯಾಗಿ, ಅಲೆಯ ಬುಡ ತಡೆದು, ನೆತ್ತಿ ಮುಂದೆ ಬಾಗುತ್ತದೆ. ಮೊದಲು ಎಲ್ಲಿ ಬಾಗಿತು, ಅಲ್ಲಿಂದ ಯಾವ ಕಡೆಗೆ ಮುರಿಯುತ್ತ ಹೋಯಿತು, ಇಷ್ಟು ಗುರುತಿಸಿದರೆ ಅರ್ಧ ರಸಿಕರಾದಿರಿ.

ಒಮ್ಮೆ ನನ್ನ ಪಕ್ಕ ಕೂತಿದ್ದ ಬ್ಯಾಡಗಿ ಕಡೆಯ ಹಿರಿಯರೊಬ್ಬರು ಬೋರ್ಡಿಗೆ ಮೇಣ ತಿಕ್ಕುತ್ತಿದ್ದ ಹುಡುಗನನ್ನು ಕೇಳಿದರು: "ತಮ್ಮಾ, ಅವ ಯಾಕ ಬಿಟ್ಟ ಆ ಅಲಿ? ಛಲೋ ದೊಡ್ಡದ ಇತ್ತಲ್ಲ?" ಹುಡುಗ ತಲೆ ಎತ್ತದೆ ಅಂದ: "ಅದು ಒಮ್ಮೆಲೇ ಬೀಳುವ ಅಲೆ ಅಜ್ಜ. ಹೋಗ್ಲಿಕ್ಕೆ ಜಾಗ ಉಂಟಾ?" ಉದ್ದಕ್ಕೂ ಒಟ್ಟಿಗೇ ಕುಸಿಯುವ ದೊಡ್ಡ ಅಲೆಗಿಂತ ಒಂದು ತುದಿಯಿಂದ ಮುರಿಯುತ್ತ ಹೋಗುವ ಸಣ್ಣದೇ ಮೇಲು. ಬಿಟ್ಟ ಅಲೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಂದ ಅಲೆಯನ್ನೆಲ್ಲ ಹಿಡಿಯಲು ಹೊರಡುವವನು ಇನ್ನೂ ಕಲಿಯುತ್ತಿದ್ದಾನೆ.

ಈಗ ಒಬ್ಬ ನುರಿತವನನ್ನು ಹಿಡಿದುಕೊಳ್ಳಿ. ಅಲೆ ಬರುವ ಮೊದಲೇ ಅವನು ಜಾಗ ಬದಲಿಸುತ್ತಾನೆ. ಮೂರ್ನಾಲ್ಕು ಸಲ ಕೈಯಿಂದ ನೀರು ತಳ್ಳುತ್ತಾನೆ, ಬೋರ್ಡಿನ ಹಿಂಬದಿ ಏಳುತ್ತದೆ, ಒಂದೇ ನೆಗೆತಕ್ಕೆ ನಿಲ್ಲುತ್ತಾನೆ. ಹೊಸಬ ಇಲ್ಲಿಗೇ ಖುಷಿಪಟ್ಟು ದಡದ ಕಡೆ ನೆಟ್ಟಗೆ ಬರುತ್ತಾನೆ. ನುರಿತವನು ಬುಡದವರೆಗೆ ಜಾರಿ, ಮೊಣಕಾಲು ಬಗ್ಗಿಸಿ, ಕೈ ನೀರಿಗೆ ತಾಗುವಷ್ಟು ವಾಲಿ ತಿರುಗುತ್ತಾನೆ. ಇದು ಬಾಟಮ್ ಟರ್ನ್. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಚಪ್ಪಾಳೆಯೂ ಬೀಳುವುದಿಲ್ಲ. ಆದರೆ ಮೇಲೆ ಹೋಗಿ ನೆತ್ತಿಯಲ್ಲಿ ನೀರು ಚಿಮ್ಮಿಸುವ ಆ ತಿರುವಿಗೆ ಬಲ ಬರುವುದು ಇಲ್ಲಿಂದ. ಫೋಟೋದವರು ಚಿಮ್ಮಿದ ನೀರನ್ನು ತೆಗೆಯುತ್ತಾರೆ. ನೀವು ಕೆಳಗಿನ ತಿರುವನ್ನು ನೋಡಿ.

ಸ್ಪರ್ಧೆಯ ದಿನವಾದರೆ ಅಂಕದ ಲೆಕ್ಕ ಸರಳ. ಒಂದೊಂದು ಅಲೆಗೆ 10ರೊಳಗೆ ಅಂಕ. ಎಷ್ಟು ಹಿಡಿದರೂ ಎಣಿಕೆಗೆ ಬರುವುದು ಅತ್ಯುತ್ತಮ ಎರಡೇ, ಹಾಗಾಗಿ ಒಟ್ಟು 20ಕ್ಕೆ. ಮುರಿಯುವ ತುದಿಗೆ ಯಾರು ಹತ್ತಿರವಿದ್ದಾರೋ ಅಲೆ ಅವರದು, ಅಡ್ಡ ಬಂದವನಿಗೆ ದಂಡ. ಇದೇ ಲೆಕ್ಕದಲ್ಲಿ 2025ರ ಆಗಸ್ಟಿನಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕೋವಳಂನ ರಮೇಶ ಬೂದಿಹಾಳ 12.60 ಅಂಕದಿಂದ ಕಂಚು ಗೆದ್ದರು. ಆ ಕೂಟದಲ್ಲಿ ಭಾರತೀಯನೊಬ್ಬನಿಗೆ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ಅಡ್ಡಹೆಸರು ಕೇಳಿ ನಮ್ಮ ಕಡೆಯವರು ಕಿವಿ ನಿಮಿರಿಸಿದರೆ ತಪ್ಪೇನಿಲ್ಲ.

ನೋಡುತ್ತ ನೋಡುತ್ತ ಇಳಿಯುವ ಮನಸ್ಸಾಗುತ್ತದೆ. ಕಲಿಸುವವರ ಜೊತೆ, ಕಾಲಿಗೆ ಬೋರ್ಡಿನ ಹಗ್ಗ ಕಟ್ಟಿಕೊಂಡು ಇಳಿಯಿರಿ. ಒಬ್ಬರೇ ಬೇಡ. ಎರಡೂ ಕಡೆ ನೊರೆ ಇದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅದೇ ಅಪಾಯದ ಜಾಗ. ದಡಕ್ಕೆ ಬಂದ ನೀರೆಲ್ಲ ಅಲ್ಲಿಂದ ಒಳಗೆ ಸೆಳೆದುಕೊಂಡು ಹೋಗುತ್ತದೆ. ಕೆರೆ, ಕಾಲುವೆ ನೋಡಿ ಬೆಳೆದ ನಾವು ಶಾಂತ ನೀರನ್ನೇ ನಂಬಿ ಅಲ್ಲಿಗೇ ಕಾಲಿಡುತ್ತೇವೆ. ಸಿಕ್ಕಿಬಿದ್ದರೆ ಸೆಳೆತಕ್ಕೆ ಎದುರಾಗಿ ದಡದ ಕಡೆ ಈಜದೆ ಪಕ್ಕಕ್ಕೆ ಈಜಿ. ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಈಜುವ ಮಾತೇ ಬೇಡ.

ಹನ್ನೊಂದರ ಹೊತ್ತಿಗೆ ಗಾಳಿ ತಿರುಗುತ್ತದೆ, ಎದ್ದುಬಿಡಿ. ಮೀನು ತಿನ್ನುವವರು ಊಟಕ್ಕೆ ಬಂಗುಡೆ ಸಾರು ಹೇಳಿ. ಆ ಕೆಂಪು ಬಹುಮಟ್ಟಿಗೆ ಬ್ಯಾಡಗಿ ಮೆಣಸಿನದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಕರಾವಳಿಯ ಅಡುಗೆಯವರು ಅದನ್ನು ಬಿಡುವುದಿಲ್ಲ. ಮೀನು ತಿನ್ನದವರಿಗೆ ನೀರುದೋಸೆ ಇದೆ, ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇದೆ. ಮಧ್ಯಾಹ್ನದ ಮೇಲೆ ಮತ್ತೆ ಬೀಚಿಗೆ ಹೋಗೋಣ ಎಂದು ಮಕ್ಕಳು ಹಟ ಹಿಡಿದರೆ ಶಾಂಭವಿಯ ಹಿನ್ನೀರಿಗೆ ಕರೆದುಕೊಂಡು ಹೋಗಿ, ಅಲ್ಲಿ ನಿಂತು ಹುಟ್ಟುಹಾಕುವ ಬೋರ್ಡಿನ ಮೇಲೆ ಅವರೂ ಒಂದು ಕೈ ನೋಡಲಿ. ಆದರೆ ಮೂರರೊಳಗೆ ಹೊರಟುಬಿಡಿ. ಆಗುಂಬೆಯ ತಿರುವುಗಳನ್ನು ಬೆಳಕಿರುವಾಗಲೇ ಹತ್ತಬೇಕು.